ಏಳನೆಯ ಬೋಗಿ

ನಾನು ಕನ್ನಡದ ಮೇಷ್ಟ್ರು. ಇಂಗ್ಲಿಷಿನವರು
ಹೊನ್ನಾಳಿಗೆ ವರ್ಗವಾಗಿ ಹೋದ ಮೇಲೆ
‘ಒಂದು ತಿಂಗಳ ಮಟ್ಟಿಗೆ’ ಅಂದರು ಹೆಡ್ಮಾಸ್ಟರು.
ಹನ್ನೊಂದು ವರ್ಷವಾಯಿತು.

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಮೇಲೆ
ಸಂಜೆ ನನ್ನ ಟ್ಯೂಷನ್ನು.
ಕೆಳಗೆ ಕಾದ ಮರಳು, ಹೊಟ್ಟಿನ ಹೊಗೆ;
ಡಿಕ್ಷನರಿ ತಿರುವಿದರೆ ಬೆರಳಿಗೆ ಮಸಿ.
ಭಟ್ಟಿಯವರ ಮಗಳು ಮುಬೀನಾ
ಆಸ್ಪತ್ರೆಯ ವಿಚಾರಣೆ ಕಿಟಕಿಗೆ ಅರ್ಜಿ ಹಾಕಿ
ಅಲ್ಲಿನ ಬೋರ್ಡುಗಳನ್ನೆಲ್ಲ ಅಂಗೈಯಲ್ಲಿ ಬರಕೊಂಡು ಬಂದಳು.

ಗದ್ದದ ಕೆಳಗೆ ಬೆರಳಿಡು, ಅಂದೆ.
ದವಡೆ ಎಷ್ಟು ಸಲ ಇಳಿಯಿತೋ ಅಷ್ಟು ತುಂಡು.
ಎ-ಮರ್-ಜೆನ್-ಸಿ. ನಾಲ್ಕು.
ರೆ-ಜಿಸ್-ಟ್ರೇ-ಷನ್. ನಾಲ್ಕು.
‘ರಿಜಿಸ್ಟ್ರೇಷನ್ನು ಸಾರ್. ಐದು.’

ಹೌದಲ್ಲ. ನಮ್ಮ ಬಾಯಿ
ಒಂಟಿ ವ್ಯಂಜನವನ್ನು ಹೊರಗೆ ನಿಲ್ಲಿಸಿ ಚಿಲಕ ಹಾಕುವುದಿಲ್ಲ.
ಬಸ್ಸಿಗೊಂದು ಉಕಾರ, ಪೆನ್ನಿಗೊಂದು ಉಕಾರ,
ಬಂದವರ ಕೈಗೆ ಒಂದು ಚೊಂಬು ನೀರು ಕೊಟ್ಟ ಹಾಗೆ.

ತುಂಡು ಮಾಡುವುದು ಬಂತು. ಒತ್ತು ಬರಲಿಲ್ಲ.
ನಮ್ಮ ಒತ್ತು ಅಕ್ಷರದ ಕಾಲಡಿ ಕೂತಿರುತ್ತದೆ,
ಒಂದನೇ ಕ್ಲಾಸಿನ ಹುಡುಗನೂ ಬೊಟ್ಟು ಮಾಡುತ್ತಾನೆ.
ಅವರದು ಬರವಣಿಗೆಯಲ್ಲೇ ಇಲ್ಲ;
ಡಿಕ್ಷನರಿಯಲ್ಲಿ ಮಾತ್ರ ಒಂದು ಗೀಟು,
ಹಾಳೆಗೆ ತೌಡಿನ ಚೂರು ಅಂಟಿದಂತೆ.
ಲಘು ಗುರು ಹಾಕಿ ನೋಡಿದೆ, ಹೊಂದಲಿಲ್ಲ.
ಗುರು ಅಳೆಯುವುದು ಹೊತ್ತನ್ನು; ಇದು ಏಟು.

ಕೊನೆಗೆ ಅವಳೇ, ಮುಷ್ಟಿ ಮಂಡಕ್ಕಿ ಅಗಿಯುತ್ತಿದ್ದವಳು,
ತಟ್ಟನೆ ಮುಖ ಹಿಂಡಿ:
‘ಅರಳದ ಕಾಳು ಸಾರ್, ಹಲ್ಲಿಗೆ ಸಿಕ್ತು.
ಒತ್ತು ಅಂದ್ರೆ ಇದೇನಾ?’

ಅದೇ, ಅಂದೆ,
ಮೊದಲೇ ಗೊತ್ತಿದ್ದವನ ಹಾಗೆ.

ಆಮೇಲೆ ನನಗೇ ಪಾಠ ಶುರುವಾಯಿತು.
‘ಡೆವಲಪ್ಮೆಂಟ್, ಡೆ ಮೇಲಲ್ಲ ಸಾರ್, ವೆ ಮೇಲೆ.’
ಗೀಟು ನೋಡಿದೆ. ಅವಳು ಹೇಳಿದ್ದೇ ಸರಿ.
ನನ್ನ ಹನ್ನೊಂದು ಬ್ಯಾಚು
ಡೆ ಮೇಲೆ ಭಾರ ಹೇರಿಕೊಂಡು
ಈಗ ಎಲ್ಲೆಲ್ಲಿ ತಿರುಗುತ್ತಿದೆಯೋ.

ಅಂಗೈಯ ಕೊನೆಯ ಪದ ಮೊಣಕೈವರೆಗೆ ಹೋಗಿತ್ತು:
ಓ-ಟೋ-ರೈ-ನೋ-ಲ್ಯಾ-ರಿಂ-ಗಾ-ಲ-ಜಿ.
‘ಇದು ಪದಾನಾ ಸಾರ್, ಹರಿಹರದ ರೈಲಾ?’
ಒಂಬತ್ತು ಬೋಗಿ. ಇಂಜಿನ್ನು ಮುಂದಿಲ್ಲ;
ಬಾಲದಿಂದ ಎಣಿಸು, ಮೂರನೆಯದು,
ಮುಂದಿನಿಂದಾದರೆ ಏಳು. ಅಲ್ಲಿ ಒತ್ತು.
ಒಂದು ವಾರ ಭಟ್ಟಿಯವರೆಲ್ಲ ಮೂಟೆ ಹೊಲಿಯುತ್ತ
‘ಗಾ’ ಬಂದಾಗ ದಬ್ಬಣ ಚುಚ್ಚುತ್ತಿದ್ದರು.

ಅವಳಿಗೆ ಕೆಲಸವಾಯಿತು. ನನ್ನ ಗಂಟಲು ಕೂತಿತು.
ಸೀಮೆಸುಣ್ಣ ಅಂದರು ಕೆಲವರು, ಹೊಗೆ ಅಂದರು ಕೆಲವರು;
ಬೆಂಚಿನಲ್ಲಿ ಚೀಟಿ ಹಿಡಿದು ಕೂತೆ, ನಲವತ್ತೇಳು.
ಮೈಕಿನಲ್ಲಿ ಅವಳ ದನಿ.
ಒಂಬತ್ತು ಬೋಗಿಗೆ ಕಾದೆ.
‘ಇ ಎನ್ ಟಿ,’ ಅಂದಳು. ಅಷ್ಟೇ.
ಊರೆಲ್ಲ ಅದನ್ನು ಹಾಗೇ ಕರೆಯುತ್ತದಂತೆ.

ನಂತರ ಒಂದು ಹೆಸರು:
ಹಾ-ಲ-ಸಿದ್-ದಪ್-ಪ.
ಸಿದ್ ಮೇಲೆ ಹಗುರವಾಗಿ, ತಪ್ಪಿಲ್ಲದೆ, ಭಾರ.
ಯಾರೋ ಬೇರೆಯವರಿರಬೇಕು ಅಂತ
ನಾನೂ ಕತ್ತೆತ್ತಿ ಸುತ್ತ ನೋಡಿದೆ.
ಐವತ್ತಾರು ವರ್ಷ ಸಮತಟ್ಟಾಗಿ ಕೇಳಿದ ಹೆಸರಿನ ನಡುವೆ
ಇಂಥದೊಂದು ಉಬ್ಬು ಇತ್ತೇ?

ಗದ್ದದ ಕೆಳಗೆ ಬೆರಳಿಟ್ಟು
ದನಿಯಿಲ್ಲದೆ ಹೇಳಿಕೊಳ್ಳುತ್ತಿದ್ದೆ. ಮೂರನೆಯದಕ್ಕೆ ಬಂದಿದ್ದೆ.
ಬಾಗಿಲಲ್ಲಿ ಅಟೆಂಡರು ಕೂಗಿದ:
‘ಯಾರ್ರೀ ಹಾಲಸಿದ್ದಪ್ಪ? ಎದ್ದು ಬರ್ರೀ!’
ಐದಕ್ಕೆ ಐದೂ ಒಂದೇ ತೂಕ, ಒಂದೇ ಸೇರಿನವು.
ಎದ್ದೆ.